ಪಾಲವಣಕರ ಬಾಳೂ (1876–1955)

ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ಮೈದಾನ ಗುಡಿಸುವ ಆಳಾಗಿ ಸೇರಿ, ತಮ್ಮ ಕಾಲದ ಭಾರತದ ಅತ್ಯುತ್ತಮ ಬೌಲರ್ ಎನಿಸಿಕೊಂಡ ಎಡಗೈ ಸ್ಪಿನ್ನರ್. ದಲಿತ ಸಮುದಾಯದಿಂದ ಬಂದ ಮೊದಲ ಹೆಸರಾಂತ ಕ್ರಿಕೆಟಿಗ. ಜನನದ ದಿನವೆಂದು ಸಾಮಾನ್ಯವಾಗಿ ಒಪ್ಪಿರುವುದು 1876ರ ಮಾರ್ಚ್ 19. ತೀರಿಕೊಂಡದ್ದು ಮುಂಬಯಿಯಲ್ಲಿ, 1955ರ ಜುಲೈ 4ರಂದು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ಪಡೆದರು. ಒಂದು ವಿಕೆಟ್ಟಿಗೆ ಬಿಟ್ಟುಕೊಟ್ಟ ರನ್ನು ಸರಾಸರಿ 15.21. ಈ ಅಂಕಿಗಳು ಅವರ ಆಟದ ಅರ್ಧ ಭಾಗವನ್ನಷ್ಟೇ ಹೇಳುತ್ತವೆ. ಮೈದಾನದ ನೌಕರನಾಗಿ ಅವರು ದಿನವಿಡೀ ಎಸೆದ ಚೆಂಡುಗಳಿಗೆ ಸ್ಕೋರ್‌ಬುಕ್ಕಿನಲ್ಲಿ ಜಾಗವಿರಲಿಲ್ಲ.

ಬಾಳೂ ಎಂಬುದು ಮರಾಠಿ ಮನೆಗಳಲ್ಲಿ ಗಂಡುಮಗುವನ್ನು ಮುದ್ದಿನಿಂದ ಕರೆಯುವ ಹೆಸರು. ಕ್ರಿಕೆಟ್ಟಿನಲ್ಲಿ ಅದೇ ಹೆಸರು ಉಳಿಯಿತು. ಮನೆತನದ ಮೂಲ ಕೊಂಕಣದ ಪಾಲವಣ ಎಂಬ ಹಳ್ಳಿ. ಅಡ್ಡಹೆಸರು ಬಂದದ್ದು ಅಲ್ಲಿಂದ. ಬಾಳೂ ಹುಟ್ಟಿದ ಕಾಲಕ್ಕೆ ಧಾರವಾಡ, ವಿಜಯಪುರ, ಸೊಲ್ಲಾಪುರ, ಪುಣೆ ಎಲ್ಲವೂ ಮುಂಬಯಿ ಪ್ರಾಂತ್ಯದೊಳಗೇ ಇದ್ದವು. ನೌಕರಿ ಹುಡುಕಿಕೊಂಡು ಈ ಊರುಗಳ ನಡುವೆ ಓಡಾಡುವುದು ಅಂದಿನ ಬಡವರಿಗೆ ಗಡಿ ದಾಟುವ ಮಾತಾಗಿರಲಿಲ್ಲ. ಇಂದಿಗೂ ವಿಜಯಪುರ ಜಿಲ್ಲೆಯ ಝಳಕಿಯ ರಸ್ತೆಯಲ್ಲಿ ನಿಂತವರಿಗೆ ಸೊಲ್ಲಾಪುರ, ಪುಣೆ ಕಡೆಗೆ ದುಡಿಯಲು ಹೋಗುವ ಜನರ ಗಂಟುಮೂಟೆ ಕಾಣುತ್ತದೆ. ಬಾಳೂ ಅವರ ತಂದೆ ಹೋದದ್ದೂ ಹಾಗೆಯೇ, ಸೈನ್ಯದ ಕೆಲಸ ಹಿಡಿದು ಪುಣೆಗೆ.

ಅವರು ಚಮ್ಮಾರ ಸಮುದಾಯದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಈ ಕಸುಬಿನವರನ್ನು ಸಮಗಾರರು ಎನ್ನುತ್ತಾರೆ. ಹಲವರು ಹರಳಯ್ಯನ ಹೆಸರಿನಿಂದ ತಮ್ಮನ್ನು ಗುರುತಿಸಿಕೊಳ್ಳುತ್ತಾರೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಚಮಾರ, ಚಂಭಾರ, ಸಮಗಾರ, ಹರಳಯ್ಯ ಎಂಬ ಹೆಸರುಗಳು ಒಂದೇ ಸಾಲಿನಲ್ಲಿ ಬರುತ್ತವೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಹಿಂದೆ ಕಲ್ಯಾಣದಲ್ಲಿ ಕೂಡಿದ ಶರಣರಲ್ಲಿ ಸಮಗಾರ ಹರಳಯ್ಯನೂ ಇದ್ದ. ಅವನ ಮಗನಿಗೆ ಮಧುವರಸನ ಮಗಳನ್ನು ತಂದುಕೊಂಡ ಮದುವೆ, ಅದಕ್ಕೆ ಬೀಗರಿಬ್ಬರಿಗೂ ಆದ ಎಳೆಹೂಟೆಯ ಶಿಕ್ಷೆ ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಪುಣೆಯ ಮೈದಾನದಲ್ಲಿ ಬಾಳೂ ಎದುರಿಸಿದ ಪ್ರಶ್ನೆಯೂ ಅದೇ ಮೂಲದ್ದು. ಕೂಡಿ ಕೆಲಸ ಮಾಡಬಹುದು, ಕೂಡಿ ಉಣ್ಣಬಹುದೇ?

ಸಂಬಳದ ಆಟಗಾರ

ಆಟವಾಡಿ ರೊಕ್ಕ ಪಡೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಜಾತ್ರೆಯ ಕಣದಲ್ಲಿ ನಿಕಾಲಿ ಕುಸ್ತಿ ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡೆ, ಮುಂಡಾಸು, ಇನಾಮು ಸಿಗುತ್ತಿತ್ತು, ಈಗಲೂ ಸಿಗುತ್ತದೆ. ಆದರೆ ಅದು ಗೆದ್ದವನಿಗೆ ಊರು ಮಾಡುವ ಮಾನ. ತಿಂಗಳ ಸಂಬಳದ ಆಟಗಾರನ ಮಾತು ಬೇರೆ. ಅವನು ಗೆದ್ದರೂ ಸೋತರೂ ಅವನ ದಿನ ಯಜಮಾನನ ಪಾಲು.

ಇಂಗ್ಲೆಂಡಿನ ಕ್ರಿಕೆಟ್ಟು ಈ ಭೇದವನ್ನು ಮುಚ್ಚಿಡಲೇ ಇಲ್ಲ. ಹಣ ಪಡೆಯದೆ ಆಡುವ ಸ್ಥಿತಿವಂತರು 'ಜೆಂಟಲ್‌ಮನ್'ಗಳು, ಹಣಕ್ಕೆ ಆಡುವವರು ಬರೀ 'ಪ್ಲೇಯರ್'ಗಳು. ಎರಡು ಗುಂಪಿಗೂ ಬೇರೆ ಬೇರೆ ಕೋಣೆ, ಎಷ್ಟೋ ಕಡೆ ಮೈದಾನಕ್ಕೆ ಇಳಿಯಲು ಬೇರೆ ಬೇರೆ ಬಾಗಿಲು. ನಾಯಕತ್ವ ಸಾಮಾನ್ಯವಾಗಿ ಜೆಂಟಲ್‌ಮನ್‌ಗೆ ಮೀಸಲು. ಈ ವ್ಯವಸ್ಥೆಯನ್ನು ಕಾಗದದ ಮೇಲೆ ರದ್ದು ಮಾಡಿದ್ದು 1962ರಲ್ಲಿ. ಬ್ಯಾಟಿಂಗು ಸಿರಿವಂತರ ಸೊಗಸು, ಬೌಲಿಂಗು ಮೈಮುರಿದು ಮಾಡುವ ದುಡಿಮೆ ಎಂಬ ಭಾವನೆ ಆ ಆಟದೊಳಗೇ ಬೇರೂರಿತ್ತು. ನಮ್ಮ ದೇಶದ ಕ್ಲಬ್ಬುಗಳಿಗೆ ಬಂದಾಗ ಆ ಭಾವನೆಗೆ ಜಾತಿಯೂ ಬಣ್ಣವೂ ಸೇರಿಕೊಂಡವು.

ಅಮೆರಿಕದ ಬೇಸ್‌ಬಾಲ್ ಸಂಬಳದ ಆಟವಾಗಿ ಬೆಳೆದದ್ದೂ ಇದೇ ದಶಕಗಳಲ್ಲಿ. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಡತೊಡಗಿತು. 1876ರ ಫೆಬ್ರವರಿಯಲ್ಲಿ, ಧಾರವಾಡದಲ್ಲಿ ಬಾಳೂ ಹುಟ್ಟುವ ತಿಂಗಳೊಪ್ಪತ್ತಿನ ಮುಂಚೆ, ಅಲ್ಲಿ ನ್ಯಾಷನಲ್ ಲೀಗ್ ಸ್ಥಾಪನೆಯಾಯಿತು. ಓಹಾಯೋ ರಾಜ್ಯದ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಯುವಕ 1884ರಲ್ಲಿ ಟೊಲೆಡೋ ತಂಡದ ಪರವಾಗಿ ಅಮೆರಿಕನ್ ಅಸೋಸಿಯೇಷನ್ ಎಂಬ ಉನ್ನತ ದರ್ಜೆಯ ಲೀಗಿನಲ್ಲಿ 42 ಪಂದ್ಯ ಆಡಿದ. ಅವನ ಕೆಲಸ ಕ್ಯಾಚರ್‌ನದು; ಚೆಂಡೆಸೆಯುವ ಪಿಚರ್‌ನ ಎದುರು ಕುಕ್ಕರಗಾಲಿನಲ್ಲಿ ಕೂತು, ಮುಂದಿನ ಎಸೆತ ಹೇಗಿರಬೇಕೆಂದು ಸಂಜ್ಞೆ ಮಾಡಿ, ಬಂದ ಚೆಂಡನ್ನು ಹಿಡಿಯುವುದು. ದಪ್ಪ ಗವಸಿನ ಕಾಲ ಅದಲ್ಲ, ಬೆರಳು ಮುರಿಯುವುದು ದಿನನಿತ್ಯದ ಮಾತು. ಟೊಲೆಡೋದ ಬಿಳಿಯ ಪಿಚರ್ ಟೋನಿ ಮುಲೇನ್, ತಾನು ಬೇಕೆಂದೇ ವಾಕರ್‌ನ ಸಂಜ್ಞೆ ನೋಡದೆ ಮನಬಂದಂತೆ ಎಸೆಯುತ್ತಿದ್ದೆನೆಂದು ಮುಂದೆ ತಾನೇ ಒಪ್ಪಿಕೊಂಡ. ಸಂಜ್ಞೆ ತಿಳಿಯದೆ ಬರುವ ಚೆಂಡನ್ನೂ ವಾಕರ್ ಹಿಡಿಯಲೇಬೇಕಿತ್ತು. 1887ರ ಜುಲೈನಲ್ಲಿ ಇಂಟರ್‌ನ್ಯಾಷನಲ್ ಲೀಗ್ ಕರಿಯರೊಡನೆ ಹೊಸ ಒಪ್ಪಂದ ಬೇಡವೆಂದು ತೀರ್ಮಾನಿಸಿತು. 1889ಕ್ಕೆ ವಾಕರ್‌ನ ಆಟ ಮುಗಿಯಿತು. ಬೇಸ್‌ಬಾಲಿನ ಮೇಲ್ದರ್ಜೆಯ ಬಾಗಿಲು ಕರಿಯ ಆಟಗಾರನಿಗೆ ಮತ್ತೆ ತೆರೆದದ್ದು 1947ರ ಏಪ್ರಿಲ್ 15ರಂದು, ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಇಳಿದಾಗ.

ವಾಕರ್ ಮತ್ತು ಬಾಳೂ ಒಬ್ಬರನ್ನೊಬ್ಬರು ಕೇಳಿದವರೂ ಅಲ್ಲ. ಆದರೂ ಇಬ್ಬರನ್ನೂ ಒಟ್ಟಿಗೆ ಓದಬೇಕು ಎಂದು ನನ್ನ ಅಭಿಪ್ರಾಯ. ಇಬ್ಬರ ಕೈಯೂ ಬೇಕಾಗಿತ್ತು, ಇಬ್ಬರ ಮಾತೂ ಬೇಕಾಗಿರಲಿಲ್ಲ.

ಪುಣೆ: ರೋಲರ್, ನೆಟ್ಸು, ಎಂಟಾಣೆ

ಸೈನ್ಯದ ವಸತಿಯಲ್ಲಿ ಅಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಲ್ಲಿ ಬಾಳೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಮನೆಗೆ ದುಡಿಮೆ ಬೇಕಾಗಿ ಶಾಲೆ ಬೇಗ ತಪ್ಪಿತು. ಮೊದಲ ನೌಕರಿ ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ, ತಿಂಗಳಿಗೆ 3 ರೂಪಾಯಿ. ಪಿಚ್ ಗುಡಿಸಬೇಕು, ರೋಲರ್ ಎಳೆಯಬೇಕು, ಸದಸ್ಯರಿಗೆ ಬೇಸರವಾದಾಗ ನಾಲ್ಕು ಚೆಂಡು ಎಸೆಯಬೇಕು. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬದಲಾದರು, ಸಂಬಳ 4 ರೂಪಾಯಿಗೆ ಏರಿತು. ಅಲ್ಲಿನ ಕೆಲಸ ಇನ್ನೂ ಹೆಚ್ಚು. ನೆಲ ಸರಿಪಡಿಸಿ, ನೆಟ್ಸು ಕಟ್ಟಿ, ಗೆರೆ ಎಳೆಯುವುದು. ಟ್ರಾಸ್ ಎಂಬ ಸದಸ್ಯರೊಬ್ಬರು, ನೀನೂ ಎಸೆದು ನೋಡು ಎಂದು ಬಾಳೂ ಕೈಗೆ ಚೆಂಡು ಕೊಟ್ಟರು.

ಆ ಕೈಯಿಂದ ಬಂದದ್ದು ಸಲೀಸಾದ ಎಡಗೈ ಸ್ಪಿನ್. ಓಟ ಚಿಕ್ಕದು, ಚಲನೆ ಹಗುರ. ಚೆಂಡನ್ನು ಗಾಳಿಯಲ್ಲಿ ತೂಗಿಬಿಡುವ ಎತ್ತರ ಪ್ರತಿ ಸಲ ಬೇರೆ, ನೆಲಕ್ಕೆ ತಾಗಿದ ಮೇಲೆ ತಿರುಗುವ ದಿಕ್ಕೂ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಗಂಟೆಗಟ್ಟಲೆ ಎಸೆದರೂ ಬೀಳುವ ಜಾಗ ಕೆಡುತ್ತಿರಲಿಲ್ಲ. ಮುಂದೆ ಅವರನ್ನು ಇಂಗ್ಲೆಂಡಿನ ಮಹಾನ್ ಎಡಗೈ ಬೌಲರ್ ವಿಲ್ಫ್ರೆಡ್ ರೋಡ್ಸ್‌ಗೆ ಹೋಲಿಸಿ 'ಭಾರತದ ರೋಡ್ಸ್' ಎಂದು ಕರೆದರು. ರೋಡ್ಸ್ ಆಡತೊಡಗುವ ಮೊದಲೇ ಬಾಳೂ ಎಸೆಯುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

ಪೂನಾ ಕ್ಲಬ್ಬಿನ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಜೆ. ಜಿ. ಗ್ರೆಗ್. ಹ್ಯಾಂಪ್‌ಷೈರ್ ಕೌಂಟಿಗೂ ಆಡಿದವರು. ಗಿಡ್ಡ ಮೈಕಟ್ಟು, ಚುರುಕು ಕಾಲು. ಜನರ ಬಾಯಲ್ಲಿ 'ಜಂಗ್ಲಿ' ಗ್ರೆಗ್. ಅವರು ಉಳಿದ ಸದಸ್ಯರಿಗಿಂತ ಒಂದು ಗಂಟೆ ಮುಂಚೆ ಮೈದಾನಕ್ಕೆ ಬಂದು ಬಾಳೂ ಅವರನ್ನೇ ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂದು ಐತಿಹ್ಯ. ಆ ಎಂಟಾಣೆಯ ತೂಕ ಲೆಕ್ಕ ಹಾಕಿ ನೋಡಬೇಕು. ವಾರಕ್ಕೊಮ್ಮೆ ಗ್ರೆಗ್ ಔಟಾದರೂ ತಿಂಗಳಿಗೆ 2 ರೂಪಾಯಿ, ಅಂದರೆ ಅರ್ಧ ಸಂಬಳ. ಬೌಲರ್ ಒಬ್ಬನ ಕೈ ಪಳಗಿದ್ದು ಹೀಗೆ, ಹೊಟ್ಟೆಯ ಲೆಕ್ಕದಲ್ಲಿ. ಗ್ರೆಗ್ ಅವರ ಬ್ಯಾಟಿಂಗು ಪಕ್ವವಾದದ್ದೂ ಈ ನೌಕರನ ಎಸೆತದಲ್ಲಿಯೇ. ಆದರೆ ಆ ಎಲ್ಲ ವರ್ಷಗಳಲ್ಲಿ ಕ್ಲಬ್ಬಿನವರು ಬಾಳೂ ಕೈಗೆ ಒಮ್ಮೆಯೂ ಬ್ಯಾಟು ಕೊಡಲಿಲ್ಲ. ಬ್ಯಾಟು ಯಜಮಾನರ ಸಾಮಾನು.

ಚಹಾ

ಪುಣೆಯ ಹಿಂದೂ ಕ್ಲಬ್ಬು ಯುರೋಪಿಯನ್ನರಿಗೆ ಸವಾಲು ಹಾಕುವ ಹೊತ್ತಿಗೆ ಊರಿನ ಅತ್ಯುತ್ತಮ ಬೌಲರ್ ಯಾರೆಂಬ ಬಗ್ಗೆ ಎರಡು ಮಾತಿರಲಿಲ್ಲ. ಅವರನ್ನು ಸೇರಿಸಿಕೊಳ್ಳಬೇಕೇ ಎಂಬುದಷ್ಟೇ ಜಗಳ. ಕ್ಲಬ್ಬಿನ ತೆಲುಗು ಸದಸ್ಯರು ಬೇಕೆಂದರು, ಮರಾಠಿ ಬ್ರಾಹ್ಮಣ ಸದಸ್ಯರಲ್ಲಿ ಹಲವರು ಹಿಂಜರಿದರು. ಬಾಳೂ ಇಲ್ಲದೆ ಆಡಿದರೆ ಹಿಂದೂಗಳು ತಮಗೆ ತಾವೇ ನಷ್ಟ ಮಾಡಿಕೊಂಡಂತೆ ಎಂಬ ಅರ್ಥದ ಮಾತನ್ನು ಗ್ರೆಗ್ ಪತ್ರಿಕೆಗೆ ಹೇಳಿದರು. ಕೊನೆಗೆ ಗೆಲ್ಲುವ ಆಸೆ ಮಡಿಯನ್ನು ಮೀರಿತು; ಆದರೆ ಮೈದಾನದ ಗೆರೆಯ ಒಳಗೆ ಮಾತ್ರ.

ಚಹಾದ ವಿರಾಮದಲ್ಲಿ ಹನ್ನೊಂದು ಜನ ಒಟ್ಟಿಗೆ ಮೈದಾನದಿಂದ ಹೊರಬರುತ್ತಾರೆ. ಹತ್ತು ಜನ ಪೆವಿಲಿಯನ್ನಿನ ಒಳಗೆ ಹೋಗಿ ಪಿಂಗಾಣಿಯ ಕಪ್ಪು ಬಸಿಯಲ್ಲಿ ಚಹಾ ಕುಡಿಯುತ್ತಾರೆ. ಹನ್ನೊಂದನೆಯವರು ಹೊರಗೆ ನಿಲ್ಲುತ್ತಾರೆ. ಅವರಿಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಮುಖ ತೊಳೆಯಲು ನೀರು ಬೇಕಾದರೆ ಅಸ್ಪೃಶ್ಯನೇ ಆದ ಆಳೊಬ್ಬ ಮೈದಾನದ ಮೂಲೆಯಲ್ಲಿ ಹೊಯ್ಯುತ್ತಾನೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಈ ವಿವರಗಳು ಊಹೆಯಲ್ಲ, ಬಾಳೂ ಬದುಕಿನ ದಾಖಲೆಯ ಭಾಗ. ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲಿ ಬೇರೆ ಕಪ್ಪು ಇಟ್ಟಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರೆಲ್ಲರ ನಡುವೆ ಓಡಾಡುತ್ತಿದ್ದ ಚೆಂಡನ್ನೂ ನೋಡಬೇಕು. ಒಳಗೆ ಬೆಂಡು, ಅದರ ಮೇಲೆ ಬಿಗಿದು ಸುತ್ತಿದ ದಾರ, ಹೊರಗೆ ಹದ ಮಾಡಿದ ತೊಗಲು, ತೊಗಲಿಗೆ ಹೊಲಿಗೆ. ತೊಗಲು ಹದ ಮಾಡುವವನನ್ನು ಊರ ಹೊರಗಿಟ್ಟವರ ಮಕ್ಕಳು ಆ ತೊಗಲನ್ನು ದಿನವಿಡೀ ಅಂಗೈಯಲ್ಲಿ ಉಜ್ಜಿ ಹೊಳಪು ಕೊಡುತ್ತಿದ್ದರು. ಬಾಳೂ ಎಸೆದ ಚೆಂಡು ಗೂಟರಕ್ಷಕನ ಕೈಗೆ, ಅಲ್ಲಿಂದ ಸ್ಲಿಪ್ಪಿಗೆ, ಅಲ್ಲಿಂದ ಮತ್ತೆ ಬಾಳೂ ಬೆರಳಿಗೆ ಬರುತ್ತಿತ್ತು. ಆ ಹೊತ್ತು ಯಾರಿಗೂ ಮೈಲಿಗೆ ಆಗಲಿಲ್ಲ.

ಹಿಂದೂ ತಂಡ ಗೆಲ್ಲತೊಡಗಿತು. ಸಾತಾರದ ಬಿಳಿಯರ ಜಿಮ್‌ಖಾನಾದವರು ಬಾಳೂ ಸ್ಪಿನ್ ಕೆಲಸ ಮಾಡದಿರಲೆಂದು ಒಂದು ವಾರ ರೋಲರ್ ಎಳೆಸಿ ಪಿಚ್ಚನ್ನು ಗಟ್ಟಿ ಮಾಡಿಸಿದರು. ರೋಲರ್ ಎಳೆದೇ ಬೆಳೆದವರಿಗೆ ಪಿಚ್ಚಿನ ಗುಟ್ಟು ಗೊತ್ತಿಲ್ಲದೆ ಇರುತ್ತದೆಯೇ? ಬಾಳೂ ಅಲ್ಲಿ 7 ವಿಕೆಟ್ ಉರುಳಿಸಿದರು. ಆಮೇಲೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಕ್ಲಬ್ಬಿನ ಸದಸ್ಯರಿಗೆ, ಜೊತೆಗೆ ಆಡುವುದಾದರೆ ಜೊತೆಗೆ ಕುಡಿಯಲೂ ತಿನ್ನಲೂ ಬೇಕು ಎಂದು ತಿಳಿಹೇಳಿದರು. ಸಾರ್ವಜನಿಕ ಸಭೆಯೊಂದರಲ್ಲಿ ಬಾಳ ಗಂಗಾಧರ ತಿಲಕರು ಬಾಳೂ ಕೊರಳಿಗೆ ಮಾಲೆ ಹಾಕಿದರು. 1890ರ ದಶಕದ ಪುಣೆಯಲ್ಲಿ ಇವೆರಡೂ ಸಣ್ಣ ಸಂಗತಿಗಳಲ್ಲ.

ಮುಂಬಯಿ, 1906

1896ರ ಸುಮಾರಿಗೆ ಬಾಳೂ ಮುಂಬಯಿ ಸೇರಿದರು. ಎರಡೂ ನಗರಗಳಲ್ಲಿ ಪ್ಲೇಗು ಹಬ್ಬುತ್ತಿದ್ದ ವರ್ಷಗಳವು. ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್‌ಖಾನಾ ಅವರನ್ನು ಸೇರಿಸಿಕೊಳ್ಳಲು ಅನುಮಾನಿಸಿತು. ನಾಯಕ ಕೀರ್ತಿಕರ್ ಪಟ್ಟು ಹಿಡಿದ ಮೇಲೆ ಒಪ್ಪಿತು. ರೈಲ್ವೆಯಲ್ಲಿ ನೌಕರಿಯೂ ಸಿಕ್ಕಿತು. ಅಲ್ಲಿಂದಾಚೆಗೆ ಕಚೇರಿ ತಂಡಕ್ಕೊಂದು ದಿನ, ಹಿಂದೂ ತಂಡಕ್ಕೊಂದು ದಿನ ಆಡುವ ಬದುಕು. ಕಂಪನಿಗಳ ನೌಕರಿಯ ಬಲದಿಂದ ಕ್ರಿಕೆಟಿಗರು ಬದುಕುವ ಪದ್ಧತಿ ನಮ್ಮಲ್ಲಿ ಮುಂದೆ ನೂರು ವರ್ಷ ನಡೆಯಿತು, ಬಾಳೂ ಅದರ ಮೊದಲಿಗರಲ್ಲಿ ಒಬ್ಬರು.

ಆ ಹೊತ್ತಿಗೆ ಮುಂಬಯಿಯ ಕ್ರಿಕೆಟ್ಟು ಧರ್ಮವಾರು ಹಂಚಿಹೋಗಿತ್ತು. ಮೊದಲು ಆಟ ಕಲಿತವರು ಪಾರ್ಸಿಗಳು. 1886 ಮತ್ತು 1888ರಲ್ಲಿ ಅವರು ಇಂಗ್ಲೆಂಡ್ ಪ್ರವಾಸವನ್ನೂ ಮುಗಿಸಿದ್ದರು. ಯುರೋಪಿಯನ್ನರೊಡನೆ ಅವರ ಪಂದ್ಯಗಳು ವರ್ಷವರ್ಷವೂ ನಡೆಯುತ್ತಿದ್ದವು. ಹಿಂದೂಗಳಿಗೆ ಸರದಿ ಸಿಕ್ಕಿದ್ದು 1906ರ ಫೆಬ್ರವರಿಯಲ್ಲಿ. ಬಂಗಾಳದ ವಿಭಜನೆಯಾಗಿ ನಾಲ್ಕು ತಿಂಗಳಾಗಿತ್ತು, ಸ್ವದೇಶಿಯ ಕಾವು ಏರಿತ್ತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಗೆಲುವು 109 ರನ್ನುಗಳಿಂದ. ಬಾಳೂ ಪಡೆದದ್ದು ಒಟ್ಟು 8 ವಿಕೆಟ್. ತಮ್ಮ ಶಿವರಾಮ್ ಕೂಡ ತಂಡದಲ್ಲಿದ್ದರು. 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆ ಗೆಲುವಿಗಿಂತ ಹೆಚ್ಚಾಗಿ ಕೊಂಡಾಡಿದ್ದು ಈ ಅಣ್ಣತಮ್ಮಂದಿರು ಉಳಿದವರ ಜೊತೆ ಆಡಿದರು, ಉಂಡರು ಎಂಬುದನ್ನು. 1907ರಿಂದ ಮೂರು ತಂಡಗಳ ಪಂದ್ಯಾವಳಿ ಶುರುವಾಯಿತು. 1912ರಲ್ಲಿ ಮುಸ್ಲಿಮರು ಸೇರಿ ಅದು ಚತುಷ್ಕೋನವಾಯಿತು. ಬಾಳೂ, ಶಿವರಾಮ್, ಗಣಪತ, ವಿಠ್ಠಲ ಎಂಬ ನಾಲ್ವರು ಅಣ್ಣತಮ್ಮಂದಿರೂ ಹಿಂದೂ ತಂಡಕ್ಕೆ ಒಟ್ಟಿಗೆ ಇಳಿದ ದಿನಗಳು ಬಂದವು. ಗಣಪತ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

1911ರ ಇಂಗ್ಲೆಂಡ್ ಪ್ರವಾಸ

ಮೊದಲ ಅಖಿಲ ಭಾರತ ತಂಡದ ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ಪಾರ್ಸಿ, ಹಿಂದೂ, ಮುಸ್ಲಿಂ, ಸಿಖ್ ಎಲ್ಲರೂ ಇದ್ದ ಆ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಮ್ ಅವರೂ ಇದ್ದರು. ಹೀಗೆ ಇಂದಿನ ಕರ್ನಾಟಕದ ಮಣ್ಣಿನ ನಂಟಿದ್ದ ಇಬ್ಬರು, ಒಬ್ಬರು ಮೈಸೂರು ಸಂಸ್ಥಾನದಿಂದ, ಇನ್ನೊಬ್ಬರು ಧಾರವಾಡದಲ್ಲಿ ಹುಟ್ಟಿ ಮುಂಬಯಿಯಿಂದ, ಒಂದೇ ಹಡಗು ಹತ್ತಿದರು. ಮಹಾರಾಜರು ಕೆಲವೇ ಪಂದ್ಯ ಆಡಿ ಔತಣಕೂಟಗಳಲ್ಲಿ ಮುಳುಗಿದರು. 23 ಪಂದ್ಯಗಳಲ್ಲಿ 6 ಗೆಲುವು, 15 ಸೋಲು, 2 ಡ್ರಾ. ತಂಡದ ಮಾನ ಉಳಿಸಿದ್ದು ಬಾಳೂ. ಎಲ್ಲ ಪಂದ್ಯಗಳಿಂದ 114 ವಿಕೆಟ್, ಸರಾಸರಿ 18.84, ಪ್ರಥಮ ದರ್ಜೆಯ ಪಂದ್ಯಗಳಲ್ಲೇ 75. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್ನಿಗೆ 8 ವಿಕೆಟ್. ಅದೇ ಅವರ ಜೀವಮಾನದ ಅತ್ಯುತ್ತಮ. ಲೆಸ್ಟರ್‌ಷೈರ್ ಮೇಲಿನ ಗೆಲುವಿನಲ್ಲಿ 11. ಆಗ ಅವರಿಗೆ 35 ವಯಸ್ಸು, ಭುಜದಲ್ಲಿ ನೋವು. ಬದಲಿಗೆ ಎಸೆಯುವವರು ಇರಲಿಲ್ಲವಾದ್ದರಿಂದ ಅವರೇ ಎಸೆದರು.

ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸಾಮರ್ಸೆಟ್ ಕೌಂಟಿಯ ವಿರುದ್ಧದ ಪಂದ್ಯ. ಭಾರತ ಅದನ್ನು ಒಂದೇ ಒಂದು ವಿಕೆಟ್ ಉಳಿಸಿಕೊಂಡು ಗೆದ್ದಿತು. ಗೆಲ್ಲಿಸಿದ್ದು ಶಿವರಾಮ್ ಅವರ ಶತಕ ಮತ್ತು ಬಾಳೂ ಅವರ ಅರ್ಧಶತಕ. ಪೂನಾ ಕ್ಲಬ್ಬಿನವರು ಬ್ಯಾಟು ಮುಟ್ಟಲೂ ಬಿಡದ ಕೈ ಅದು.

ಹಿಂತಿರುಗಿ ಬಂದಾಗ ಮುಂಬಯಿಯ ದಲಿತರು ಬಾಳೂ ಅವರಿಗೆ ದೊಡ್ಡ ಸನ್ಮಾನ ಮಾಡಿದರು. ಅಂದಿನ ಮಾನಪತ್ರವನ್ನು ಬರೆದವರು ಯುವಕ ಬಿ. ಆರ್. ಅಂಬೇಡ್ಕರ್ ಎಂದು ಚರಿತ್ರೆಕಾರ ರಾಮಚಂದ್ರ ಗುಹಾ ಹೇಳುತ್ತಾರೆ.

ರಾಜಕೀಯ ಮತ್ತು ಕೊನೆಯ ದಿನಗಳು

ಇಪ್ಪತ್ತು ವರ್ಷಗಳ ನಂತರ ಆ ಇಬ್ಬರ ದಾರಿ ಬೇರೆಯಾಯಿತು. ಅಂಬೇಡ್ಕರರು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದರು. ಬಾಳೂ ಗಾಂಧೀಜಿಯ ಕಡೆ ನಿಂತರು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಅವರೂ ಒಬ್ಬರು. ಮುಂದೆ ಮುಂಬಯಿ ಪುರಸಭೆಗೆ ಹಿಂದೂ ಮಹಾಸಭೆಯಿಂದ ನಿಂತು ಸೋತರು. 1937ರಲ್ಲಿ ಮುಂಬಯಿ ವಿಧಾನಸಭೆಗೆ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ದಲಿತ ಸಮುದಾಯದ ಇಬ್ಬರು ದೊಡ್ಡವರನ್ನು ಹೀಗೆ ಎದುರುಬದುರು ಮಾಡಿದ್ದು ಪಕ್ಷಗಳ ಲೆಕ್ಕಾಚಾರ. ಅಂಬೇಡ್ಕರರ ವಿಚಾರ ಹೆಚ್ಚು ಆಳದ್ದು, ಹೆಚ್ಚು ದೂರ ಕಂಡದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬಾಳೂ ನಿಲುವನ್ನು ಅವರ ಬದುಕಿನೊಳಗಿಂದಲೇ ಓದಬೇಕು. ಕಟ್ಟಿದ ಗೋಡೆಯಲ್ಲಿ ಬಿರುಕು ಬಿಟ್ಟದ್ದನ್ನು ಕಣ್ಣಾರೆ ಕಂಡವರಿಗೆ ಗೋಡೆ ಪೂರ್ತಿ ಬೀಳಬಹುದೆಂಬ ಆಸೆ ಇರುತ್ತದೆ.

1955ರಲ್ಲಿ ಅವರ ಅಂತ್ಯಸಂಸ್ಕಾರಕ್ಕೆ ಸಂಸದರೂ ಕ್ರಿಕೆಟಿಗರೂ ಬಂದಿದ್ದರು. ಆಮೇಲೆ ಅರ್ಧ ಶತಮಾನ ಅವರ ಹೆಸರು ಹೆಚ್ಚು ಕಡಿಮೆ ಮರೆಯಾಯಿತು. ವಿಠ್ಠಲರು 1948ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ 'ಮಾಝೇ ಕ್ರೀಡಾ ಜೀವನ' ಎಂಬ ಆತ್ಮಕಥೆಯಲ್ಲಿ ಅಣ್ಣನ ನೆನಪುಗಳಿವೆ. ಗುಹಾ ಅವರು 2002ರಲ್ಲಿ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಚರಿತ್ರೆ ಬರೆದ ಮೇಲೆ ಹೊಸ ಓದುಗರಿಗೆ ಬಾಳೂ ಪರಿಚಯವಾದರು. 'ಲಗಾನ್' ಚಿತ್ರದ ಕಚ್ರಾ ಎಂಬ ದಲಿತ ಸ್ಪಿನ್ನರ್‌ನನ್ನು ಕಂಡು ಹಲವರು ಅವರನ್ನು ನೆನೆಯುತ್ತಾರೆ. ಕಚ್ರಾನ ಸ್ಪಿನ್ನು ಸೊಟ್ಟ ಕೈಯಿಂದ ತಾನಾಗಿ ಬಂದದ್ದು. ಬಾಳೂ ಅವರದು ಸಾವಿರಾರು ಗಂಟೆಗಳ ದುಡಿಮೆ.

ನಾಯಕತ್ವದ ಪ್ರಶ್ನೆ

ನಾಯಕತ್ವದ ತಕರಾರು ಹತ್ತು ವರ್ಷಕ್ಕೂ ಮೀರಿ ನಡೆದದ್ದರಿಂದ ಬೇರೆಯಾಗಿ ಹೇಳಬೇಕು. 1910ರ ಹೊತ್ತಿಗೆ ಹಿಂದೂ ತಂಡದಲ್ಲಿ ಬಾಳೂಗಿಂತ ಹಿರಿಯರೂ, ಅವರಿಗಿಂತ ಆಟ ಬಲ್ಲವರೂ ಇರಲಿಲ್ಲ. ನಾಯಕ ಯಾರಾಗಬೇಕೆಂಬ ಮಾತು ಪ್ರತಿ ವರ್ಷ ಎದ್ದಿತು, ಪ್ರತಿ ವರ್ಷ ಬೇರೆಯವರ ಹೆಸರು ಬಂದಿತು. ಹೆಚ್ಚಾಗಿ ನಾಯಕರಾದವರು ಎಂ. ಡಿ. ಪೈ. ಅವರು ದೊಡ್ಡ ಮನಸ್ಸಿನವರು. 1913ರ ಸನ್ಮಾನವೊಂದರಲ್ಲಿ, ಈ ಗೌರವ ನಿಜವಾಗಿ ಸಲ್ಲಬೇಕಾದದ್ದು ಹಿರಿಯರಾದ ಬಾಳೂ ಅವರಿಗೆ ಎಂದು ತಾವೇ ಹೇಳಿದರು. ಆಯ್ಕೆ ಮಾಡುವವರ ಕಿವಿಗೆ ಅದು ಬೀಳಲಿಲ್ಲ.

ಕಾರಣ ಹುಡುಕುವುದು ಕಷ್ಟವಲ್ಲ. ಎಸೆಯುವವನು ಹೇಳಿದ ಕಡೆ ಎಸೆಯುತ್ತಾನೆ. ನಾಯಕ ಹಾಗಲ್ಲ. ನೀನು ಇಲ್ಲಿ ನಿಲ್ಲು, ನೀನು ಅಲ್ಲಿಗೆ ಹೋಗು, ಈಗ ಚೆಂಡು ಅವನಿಗೆ ಕೊಡು ಎನ್ನುತ್ತಾನೆ. ಸಮಗಾರರ ಮನೆಯವರ ಬಾಯಿಂದ ಅಂಥ ಮಾತು ಕೇಳಿ ಕಾಲು ಎತ್ತಿ ಇಡಲು ಮನಸ್ಸು ಒಪ್ಪಬೇಕಲ್ಲ. ಟೊಲೆಡೋದಲ್ಲಿ ವಾಕರ್‌ನ ಬೆರಳಿನ ಸಂಜ್ಞೆಯನ್ನು ನೋಡಲೊಲ್ಲದ ಮುಲೇನ್‌ಗೂ ಒಪ್ಪದೆ ಉಳಿದದ್ದು ಅದೇ.

1920ರಲ್ಲಿ ಮಾತು ಮುರಿಯಿತು. ಮುಸ್ಲಿಂ ತಂಡದೊಡನೆ ನಡೆದ ಪಂದ್ಯಕ್ಕೆ ಪೈ ಅಸ್ವಸ್ಥರಾಗಿದ್ದರು. ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು, ಶಿವರಾಮ್ ಮತ್ತು ವಿಠ್ಠಲರಿಗಿಂತ ಕಿರಿಯರಾದ ಡಿ. ಬಿ. ದೇವಧರ್ ಅವರಿಗೆ ನಾಯಕತ್ವ ಕೊಟ್ಟರು. ಶಿವರಾಮ್, ವಿಠ್ಠಲ ಇಬ್ಬರೂ ಆಡುವುದಿಲ್ಲವೆಂದು ಹೊರಬಂದರು. ಜಾತಿಯೊಂದೇ ಇದಕ್ಕೆ ಕಾರಣವೆಂದು ಬಹಿರಂಗ ಹೇಳಿಕೆ ಕೊಟ್ಟರು. ಗಾಂಧೀಜಿ ಅಸ್ಪೃಶ್ಯತೆಯ ಮಾತನ್ನು ದೇಶದ ಮುಂದೆ ಇಟ್ಟಿದ್ದ ಹೊತ್ತು ಅದು. ಮುಂಬಯಿಯ ಜನ ಅಣ್ಣತಮ್ಮಂದಿರ ಪರ ನಿಂತರು. ಪಾರ್ಸಿಗಳ ಮೇಲಿನ ಅಂತಿಮ ಪಂದ್ಯಕ್ಕೆ ಮೂವರನ್ನೂ ಕರೆದರು. ಪೈ ನಾಯಕ, ಬಾಳೂ ಉಪನಾಯಕ.

ಆ ಪಂದ್ಯದ ನಡುವೆ ಪೈ ಮೈದಾನ ಬಿಟ್ಟು ಒಳಗೆ ಹೋದರು. ಅಷ್ಟು ಹೊತ್ತು ಹಿಂದೂ ತಂಡವನ್ನು ಬಾಳೂ ನಡೆಸಿದರು. ರೋಲರ್ ಎಳೆದು ಮೂವತ್ತು ವರ್ಷಗಳಾದ ಮೇಲೆ, 44ನೆಯ ವಯಸ್ಸಿನಲ್ಲಿ, ಉಳಿದ ಹತ್ತು ಜನ ಅವರ ಕೈಸನ್ನೆ ನೋಡಿ ಜಾಗ ಬದಲಿಸಿದರು. ಬಾಳೂ ಅವರ ಪ್ರಥಮ ದರ್ಜೆಯ ಆಟ ಆ ಋತುವಿಗೇ ಮುಗಿಯಿತು.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು, ಕೆಲವು ಗಂಟೆಗಳಿಗಲ್ಲ, ಇಡೀ ಪಂದ್ಯಾವಳಿಗೆ. ಅಂತಿಮ ಪಂದ್ಯದಲ್ಲಿ ಯುರೋಪಿಯನ್ನರು ಸೋತರು. ಜನ ಮೈದಾನಕ್ಕೆ ನುಗ್ಗಿ ವಿಠ್ಠಲರನ್ನು ಎತ್ತಿ ಮೆರೆಸಿದರು. ಹೆಗಲು ಕೊಟ್ಟವರಲ್ಲಿ ಮೇಲ್ಜಾತಿಯವರೂ ಇದ್ದರು.